ಬ್ಯಾಟ್ರಿ ಹೋಯ್ತು ಅನ್ನೋದನ್ನ ಮೊದ್ಲು ನಿಲ್ಸಿ

ಅಕ್ಕಂದಿರೇ, ಅತ್ತಿಗೆಮ್ಮಂದಿರೇ, ಈ ಸಲ ಅಡಿಗೆ ವಿಷ್ಯ ಇಲ್ಲ, ಜಗಳದ ವಿಷ್ಯ ಐತೆ. ಹಳೇ ಕಾರು ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಸಾಕು, ಬಾನೆಟ್ ಕೂಡ ಎತ್ತದೆ "ಬ್ಯಾಟ್ರಿ ಹೋಯ್ತು" ಅಂತಾರಲ್ಲ, ಆ ಒಂದು ಮಾತಿಗೆ ನಮ್ಮನೇಲಿ ಒಂದೂವರೆ ವರ್ಷದಲ್ಲಿ ಎರಡು ಬ್ಯಾಟ್ರಿ ದುಡ್ಡು ಸುರ್ದೀವಿ. ಎರಡು ಸಲಾನೂ ಹಳೇದನ್ನ ಎಕ್ಸ್‌ಚೇಂಜ್ ಅಂತ ಎತ್ಕೊಂಡೋದ್ರು. ಅದು ಚೆನ್ನಾಗಿತ್ತಾ ಕೆಟ್ಟಿತ್ತಾ ಅಂತ ಅಂಗಡಿಯೋರೂ ನೋಡ್ಲಿಲ್ಲ, ನಮ್ಮೋರೂ ಕೇಳ್ಲಿಲ್ಲ.

ಗಾಡಿ ನಮ್ಮ ಮಾವನೋರ ಅಂಬಾಸಿಡರ್. ಬಂಗಾರಪೇಟೆ ಸ್ಟೇಷನ್ನಿಂದ ಕೆಜಿಎಫ್‌ಗೆ ಬಾಡಿಗೆ ಓಡ್ಸಿ ಇಬ್ರು ಗಂಡುಮಕ್ಕಳನ್ನ ಓದ್ಸಿದ ಗಾಡಿ. ಮಾವನೋರು ಹೋದ್ಮೇಲೂ ನಮ್ಮತ್ತೆ ದಿನಾ ಬೆಳಿಗ್ಗೆ ಅದರ ಧೂಳು ಒರ್ಸ್ತಾರೆ. ಮೂರ್ನೇ ಸಲ ಕೆಟ್ಟು ನಿಂತಾಗ ಮೈದ್ನ ಗುಜರಿಯೋನಿಗೆ ಫೋನ್ ಮಾಡೇಬುಟ್ಟ. ಅತ್ತೆ ಏನೂ ಅನ್ಲಿಲ್ಲ, ಒಳಗೋಗಿ ಕೂತ್ಕೊಂಡ್ರು.

"ನಾನು ನೋಡ್ತೀನಿ" ಅಂದೆ. "ಕರೆಂಟಿನ ವಿಷ್ಯ ನಿಮಗ್ಯಾಕೆ ಅತ್ತಿಗೆ" ಅಂದ. ಯಾಕಂದ್ರೆ ನಾನು ಕೆಜಿಎಫ್‌ನಲ್ಲಿ ಹುಟ್ಟಿದೋಳು ಕಣಪ್ಪಾ! 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳ್ದು ಗಣಿಗೆ ಕರೆಂಟು ತಂದ ಊರು. ಬೆಂಗಳೂರಿಗೆ ಲೈಟು ಬಂದಿದ್ದು 1905ಕ್ಕೆ. ನಮ್ಮಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಎಲೆಕ್ಟ್ರಿಷಿಯನ್, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರ್ಗೂ. ಕರೆಂಟು ಹೋಗೋ ದಾರೀನ ಎಲ್ರೂ ನೋಡ್ತಾರೆ, ವಾಪಸ್ ಬರೋ ದಾರೀನ ಯಾರೂ ನೋಡಲ್ಲ ಅನ್ನೋರು.

ನೀವೂ ನೋಡ್ಬೋದು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕು ಎಳ್ದಿರ್ಬೇಕು. ಸೆರಗು ಸೊಂಟಕ್ಕೆ ಬಿಗ್ಯಾಗಿ ಸಿಗಿಸ್ಕೊಳ್ಳಿ, ಫ್ಯಾನಿಗೆ ಸಿಕ್ರೆ ಕಷ್ಟ. ಚಿನ್ನದ ಬಳೆ ಬಿಚ್ಚಿಡಿ. ಬಳೆ ಬ್ಯಾಟ್ರಿಯ ಎರಡು ಕಡೆಗೂ ತಾಕಿದ್ರೆ ಕ್ಷಣದಲ್ಲಿ ಕೆಂಪಗೆ ಕಾಯ್ತದೆ, ಕೈ ಸುಟ್ಟೋಗ್ತದೆ.

ಹೆಡ್‌ಲೈಟು ಹಾಕಿ, ಮಗಳಿಗೆ ಸ್ಟಾರ್ಟ್ ಮಾಡು ಅನ್ನಿ. ಲೈಟು ಪೂರ್ತಿ ಮಂಕಾದ್ರೆ ಬ್ಯಾಟ್ರಿ ಮೇಲೆ ಅನುಮಾನ ಪಡಿ. ಒಂದೇ ಸಲಕ್ಕೆ ಆರೋದ್ರೆ ಟರ್ಮಿನಲ್ ಸಡ್ಲ. ಇಂಜಿನ್ ಚೆನ್ನಾಗಿ ತಿರುಗ್ತೈತೆ, ಹೊತ್ಕೊಳ್ಳಲ್ಲ ಅಂದ್ರೆ ಬ್ಯಾಟ್ರಿಗೆ ಸಂಬಂಧಾನೇ ಇಲ್ಲ, ಪೆಟ್ರೋಲು, ಇಲ್ಲಾ ಪಾಯಿಂಟು, ಕಂಡೆನ್ಸರು. ನಮ್ದರಲ್ಲಿ ಲೈಟು ಹಂಗೇ ಉರೀತಿತ್ತು, ಸ್ಟಾರ್ಟರ್ ಮಾತ್ರ ಮುದುಕಿ ಥರ ನರಳ್ತಿತ್ತು. ಇನ್ನೊಂದು, ಚೋಕ್ ಎಳೆಯೋ ವೈರು ಮುಟ್ಟಿದ್ರೆ ಬಿಸಿ! ಇದನ್ನ ಅತ್ತೆ ಮುಂಚೇನೇ ಹೇಳಿದ್ರಂತೆ, ಯಾರೂ ಕಿವಿಗೆ ಹಾಕ್ಕೊಂಡಿಲ್ಲ.

ಅಪ್ಪನ ಮೀಟರ್ ಇಟ್ಟೆ. ಬ್ಯಾಟ್ರಿ 12.6 ವೋಲ್ಟ್, ಅಂದ್ರೆ ತುಂಬೈತೆ. ಒಂದು ಕಡ್ಡೀನ ನೆಗೆಟಿವ್ ಟರ್ಮಿನಲ್‌ಗೆ, ಇನ್ನೊಂದನ್ನ ಇಂಜಿನ್ ಕಬ್ಬಿಣಕ್ಕೆ ಹಿಡ್ದು ಸ್ಟಾರ್ಟ್ ಮಾಡ್ಸಿದ್ರೆ ಅರ್ಧ ವೋಲ್ಟ್ ದಾಟಬಾರ್ದು. ನಮ್ದು 4 ತೋರ್ಸ್ತು.

ಇಂಜಿನ್ ಕೂತಿರೋದು ರಬ್ಬರ್ ಮೇಲೆ. ಸ್ಟಾರ್ಟರ್‌ಗೆ ಹೋದ ಕರೆಂಟು ಬಾಡಿಗೆ ವಾಪಸ್ ಬರೋಕೆ ಜಡೆ ಥರ ಹೆಣೆದ ತಾಮ್ರದ ಪಟ್ಟಿ ಒಂದಿರ್ತದೆ, ಅರ್ತ್ ಪಟ್ಟಿ. ನಮ್ದು ಎಣ್ಣೆ ಜಿಡ್ಡಿನ ಕೆಳಗೆ ಹಸ್ರುಗಟ್ಟಿ, ಎಂಟತ್ತು ಎಳೆ ಉಳ್ಕೊಂಡಿತ್ತು. ದಾರಿ ಸಾಲದೆ ಕರೆಂಟು ಚೋಕ್ ವೈರಲ್ಲಿ ನುಗ್ಗಿ ಬರ್ತಿತ್ತು. ಅದಕ್ಕೇ ಬಿಸಿ. ಜಂಪರ್ ಕೇಬಲ್ ತಗೊಂಡು ನೆಗೆಟಿವ್‌ನಿಂದ ಸೀದಾ ಇಂಜಿನ್‌ಗೆ ಕಚ್ಚಿಸ್ದೆ. ಒಂದೇ ಏಟಿಗೆ ಹೊತ್ಕೊಳ್ತು. ಅತ್ತೆ ಓಡ್ಬಂದು ಬಾಗ್ಲಲ್ಲಿ ನಿಂತ್ರು.

ಹೊಸ ಪಟ್ಟಿಗೆ ಆಗಿದ್ದು ₹250. ಹಾಕೋಕೆ ಮುಂಚೆ ಬ್ಯಾಟ್ರಿಯ ಅರ್ತ್ ಕಡೆ ಟರ್ಮಿನಲ್ ಮೊದ್ಲು ಬಿಚ್ಚಿ, ಕೊನೇಗೆ ಹಾಕಿ. ಕೆಲವು ಹಳೇ ಗಾಡೀಲಿ ಪ್ಲಸ್ಸೇ ಬಾಡಿಗೆ ಅರ್ತ್ ಆಗಿರ್ತದೆ, ಬಣ್ಣ ನಂಬ್ಬೇಡಿ, ಯಾವ ವೈರು ಬಾಡಿಗೆ ಹೋಗೈತೆ ಅಂತ ಕಣ್ಣಲ್ಲಿ ನೋಡಿ. ಪಟ್ಟಿ ಕೂರೋ ಜಾಗದ ಪೇಂಟು ಕೆರೆದು ಬರೀ ಕಬ್ಬಿಣ ಕಾಣ್ಬೇಕು, ಇಲ್ದಿದ್ರೆ ಹೊಸ ಪಟ್ಟೀನೂ ದಂಡ.

ಬ್ಯಾಟ್ರಿ ಸಾಯೋದೇ ಇಲ್ಲ ಅಂತ ನಾನು ಹೇಳ್ತಿಲ್ಲಮ್ಮಾ. ಮೂರ್ನಾಕು ವರ್ಷ ಆದ್ಮೇಲೆ ಸಾಯ್ತದೆ. ಆದ್ರೆ ಮೀಟರ್ ಇಡ್ದೆ ಸತ್ತೋಯ್ತು ಅನ್ನೋರಿಗೆ ದುಡ್ಡು ಕೊಡ್ಬೇಡಿ. ರೈಲ್ವೆ ಗೇಟಲ್ಲಿ ನಿಂತಾಗ ಲೈಟು ಮಂಕಾದ್ರೂ ಹೆದರ್ಬೇಡಿ, ಹಳೇ ಡೈನಮೋ ನಿಧಾನಕ್ಕೆ ತಿರುಗುವಾಗ ಚಾರ್ಜೇ ಕೊಡಲ್ಲ. ಇಂಜಿನ್ ರೇಸ್ ಮಾಡಿದ್ರೂ ಕೆಂಪು ದೀಪ ಆರ್ಲಿಲ್ಲ ಅಂದ್ರೆ ಆಗ ಬಾನೆಟ್ ಎತ್ತಿ.

ಗುಜರಿಯೋನು ಬಂದಾಗ ಅತ್ತೆ ಹಿಂದಿನ ಸೀಟಲ್ಲಿ ಕೂತಿದ್ರು. ಇಳೀಲೇ ಇಲ್ಲ, ಅವನೇ ವಾಪಸ್ ಹೋದ. ಮೊನ್ನೆ ಮೈದ್ನ ಫ್ರೆಂಡಿನ ಮದುವೆಗೆ ಅದೇ ಗಾಡಿ ಬೇಕು ಅಂತ ಬಂದಿದ್ದ. ಒಂದು ಬ್ಯಾಟ್ರಿ ದುಡ್ಡು ಅತ್ತೆ ಕೈಲಿಟ್ಟು ಬೀಗದಕೈ ಈಸ್ಕೊಂಡೋಗು ಅಂದಿದ್ದೀನಿ.