ಒಲೆಯ ಕೆಳಗಿನ ನೆಲ

ಗುಬ್ಬಿ ಸೀಮೆಯ ತೋಟಗಳಲ್ಲಿ ಅಡಿಕೆ ಕೊಯ್ಲು ಆರಂಭವಾಯಿತೆಂದರೆ ಅಂಗಳದ ದೊಡ್ಡ ಒಲೆಗಳು ಹೊತ್ತಿಕೊಳ್ಳುತ್ತವೆ. ಸುಲಿದ ಹಸಿ ಅಡಿಕೆ ಚೊಗರಿನೊಡನೆ ಹಂಡೆಯಲ್ಲಿ ಕುದಿಯತೊಡಗುತ್ತದೆ. ನಾವು ಹಂಡೆಯನ್ನು ನೋಡುತ್ತೇವೆ, ಅಡಿಕೆಯ ಬಣ್ಣವನ್ನು ನೋಡುತ್ತೇವೆ, ಪೇಟೆಯ ಧಾರಣೆಯನ್ನಂತೂ ದಿನವೂ ನೋಡುತ್ತೇವೆ. ಆ ಒಲೆ ಎಂತಹ ನೆಲದ ಮೇಲೆ ನಿಂತಿದೆ ಎಂದು ನೋಡುವವರು ವಿರಳ.

ತಳ ಕುಸಿದರೆ ಹಂಡೆ ಓರೆಯಾಗುತ್ತದೆ, ಗೋಡೆ ಬಿರಿಯುತ್ತದೆ. ಬಿರುಕಿನಿಂದ ತಣ್ಣನೆಯ ಗಾಳಿ ಒಳನುಗ್ಗಿ ಶಾಖ ಪೋಲಾಗುತ್ತದೆ. ಆಗ ನಾವು ಒಲೆಯನ್ನು ಸರಿಪಡಿಸುವ ಬದಲು ಇನ್ನೊಂದು ಹೊರೆ ಸೌದೆ ತುರುಕುತ್ತೇವೆ. ಆ ಹೊರೆ ಬರುವುದು ಬೇಲಿಯ ಮರದಿಂದ, ಇಲ್ಲವೇ ಬೆಟ್ಟದ ಅಂಚಿನಿಂದ. ಅದನ್ನು ಹೊರುವ ತಲೆ ಬಹುಮಟ್ಟಿಗೆ ಹೆಂಗಸರದು.

ಒಲೆಯ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ತನ್ನ ಪ್ರಯೋಗಕ್ಕೆ ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ ಮತ್ತು ಸುತ್ತಲಿನ ಹಳ್ಳಿಗಳನ್ನು. ಅಲ್ಲಿ ಬಳಕೆಯಾಗುವ ಶಕ್ತಿಯ ಬಹುಪಾಲು ಸೌದೆಯದೇ ಎಂಬುದನ್ನು ಆ ವಿಜ್ಞಾನಿಗಳು ಮನೆಮನೆಯಲ್ಲಿ ಲೆಕ್ಕ ಹಾಕಿ ಕಂಡುಕೊಂಡರು. ಹೊಗೆಕೊಳವೆಯುಳ್ಳ 'ಅಸ್ತ್ರ ಒಲೆ' ಅದೇ ಕಾಳಜಿಯ ಫಲ. ಆದರೆ 1980ರ ದಶಕದಲ್ಲಿ ಆರಂಭವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಸರ್ಕಾರ 2002ರಲ್ಲಿ ಕೈಬಿಟ್ಟಿತು. ಕಟ್ಟಿದ ಒಲೆಗಳಲ್ಲಿ ಎಷ್ಟೋ ಒಲೆಗಳು ಬಿರಿದು, ಕೊಳವೆ ಕಟ್ಟಿಕೊಂಡು ಮೂಲೆ ಸೇರಿದ್ದವು. ವಿನ್ಯಾಸ ಎಷ್ಟೇ ಉತ್ತಮವಾಗಿರಲಿ, ಕಟ್ಟುವ ಕೈಯೂ ಕಾಪಾಡುವ ಕಣ್ಣೂ ತಪ್ಪಿದರೆ ಅದು ಉಳಿಯದು.

ಈ ಪಾಠವನ್ನು ನಾನೂ ನಷ್ಟ ಮಾಡಿಕೊಂಡೇ ಕಲಿತೆ. ಕಾಂಕ್ರೀಟು ಎಂದರೆ ಶಾಶ್ವತ ಎಂಬ ಭ್ರಮೆಯಿಂದ, ಹಾಸಿನ ಮೇಲೆಯೇ ನೇರವಾಗಿ ಬೆಂಕಿ ಹಾಕಿದೆ. ಮೊದಲ ಕೊಯ್ಲು ಮುಗಿಯುವುದರೊಳಗೆ ಅದು ಚಕ್ಕೆಯೆದ್ದು ಸೀಳಿತು. ಪುಸ್ತಕದಲ್ಲಿ ಓದಿದ್ದನ್ನು ಅಂಗಳದಲ್ಲಿ ಮರೆತಿದ್ದೆ: ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಮಾನ್ಯ ಕಾಂಕ್ರೀಟು ತನ್ನ ಬಲ ಕಳೆದುಕೊಳ್ಳತೊಡಗುತ್ತದೆ, ಒಳಗಿನ ತೇವ ಆವಿಯಾಗಿ ಅದನ್ನು ಸಿಡಿಸುತ್ತದೆ. ಕಲ್ಲುಚಪ್ಪಡಿಯೂ ಇದಕ್ಕೆ ಹೊರತಲ್ಲ. ನಮ್ಮ ಕಣಶಿಲೆಯೊಳಗಿನ ಬೆಣಚು 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗಿ ಬಂಡೆಯನ್ನೇ ಒಡೆಯುತ್ತದೆ.

ಹಾಗಾದರೆ ಕ್ರಮವೇನು? ತೋಟಕ್ಕೆ ಹೊಡೆಸಿದ ಕೆರೆಗೋಡು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದರ ಮೇಲೆ ಒಲೆ ಬೇಡ. ಗಟ್ಟಿ ನೆಲ ಸಿಗುವವರೆಗೆ, ಒಂದರಿಂದ ಒಂದೂವರೆ ಅಡಿ, ಅಗೆದು ದಮ್ಮಸು ಮಾಡಬೇಕು. ಜಲ್ಲಿ ತುಂಬಿದರೆ ನೀರು ನಿಲ್ಲದು. ಅದರ ಮೇಲೆ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ 5 ಅಂಗುಲ ದಪ್ಪದ ಹಾಸು. ಒಳಗೆ 8 ಮಿಲಿಮೀಟರಿನ ಸರಳುಗಳನ್ನು 8 ಅಂಗುಲಕ್ಕೊಂದರಂತೆ ಅಡ್ಡಡ್ಡ ಹೆಣೆದಿರಲಿ. ಹಾಸಿನ ಮೇಲ್ಮೈ ಅಂಗಳಕ್ಕಿಂತ ಮೂರು ಅಂಗುಲ ಮೇಲಿದ್ದು, ಹತ್ತು ದಿನವಾದರೂ ನೀರು ಕುಡಿಯಲಿ.

ಮುಖ್ಯ ಕೆಲಸ ಇನ್ನು ಮುಂದಿನದು. ಹಾಸಿನ ಮೇಲೆ ಸುತ್ತ ಇಟ್ಟಿಗೆಯ ಅಂಚು ಕಟ್ಟಿ, ನಡುವೆ ನಾಲ್ಕು ಅಂಗುಲ ಭತ್ತದ ಹೊಟ್ಟಿನ ಬೂದಿಯನ್ನು ಬಿಗಿಯಾಗಿ ತುಂಬಿ, ಮೇಲೆ ಮಣ್ಣಿನ ಗಾರೆಯಲ್ಲಿ ಸುಟ್ಟ ಇಟ್ಟಿಗೆ ಹಾಸಬೇಕು. ಬೆಂಕಿ ಇಟ್ಟಿಗೆಯ ಮೇಲಿರಲಿ, ಹಂಡೆಯ ಭಾರ ಅಂಚಿನ ಮೇಲೆ ಎದ್ದ ಗೋಡೆಗಳ ಮೂಲಕ ಇಳಿಯಲಿ. ಬೂದಿ ಶಾಖವನ್ನು ಕೆಳಗಿಳಿಯಗೊಡದು. ಮೊದಲ ಕೆಲವು ದಿನ ಸಣ್ಣ ಉರಿ ಹಾಕಿ ಒಲೆಯನ್ನು ಒಣಗಿಸಬೇಕು. ಮೇಲೊಂದು ಸೂರು ಬೇಕೇ ಬೇಕು.

ಪರಿಸರದ ಮಾತನಾಡುವ ಪತ್ರಿಕೆ ಸಿಮೆಂಟಿನ ವಕಾಲತ್ತು ವಹಿಸುವುದೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲು ಶೇಕಡಾ 7ರಿಂದ 8. ಆದುದರಿಂದಲೇ ಅದು ತಳಕ್ಕೆ ಮಾತ್ರ ಸೀಮಿತವಾಗಿರಲಿ, ಮೇಲಿನದೆಲ್ಲ ಮಣ್ಣಿನದಾಗಲಿ. 6 ಅಡಿ ಉದ್ದ, 5 ಅಡಿ ಅಗಲದ ಹಾಸಿಗೆ ಎರಡೂವರೆ ಮೂಟೆ ಸಾಕು. ಒಮ್ಮೆ ಸರಿಯಾಗಿ ಹಾಕಿದ ತಳ ಹಲವು ಕೊಯ್ಲುಗಳನ್ನು ಕಂಡೀತು. ವರ್ಷವರ್ಷವೂ ಒಡೆದು ಕಟ್ಟುವುದು ಯಾವ ಲೆಕ್ಕದಲ್ಲೂ ಮಿತವ್ಯಯವಲ್ಲ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಈ ಸಲದ ಕೊಯ್ಲಿನಲ್ಲಿ ನಿಮ್ಮೂರಿನ ಒಂದು ಹಳೆಯ ಒಲೆ, ಒಂದು ಹೊಸ ಒಲೆಯ ಮುಂದೆ ತಕ್ಕಡಿ ಹಿಡಿದು ಕುಳಿತುಕೊಳ್ಳಿ. ಒಂದೊಂದು ಹಂಡೆಗೆ ಎಷ್ಟು ಸೌದೆ ಉರಿಯಿತೆಂದು ತೂಗಿ ಬರೆದಿಡಿ. ಉಂಗ್ರದ ಸುತ್ತ ವಿಜ್ಞಾನಿಗಳು ಮಾಡಿದ್ದೂ ಮೂಲತಃ ಇದನ್ನೇ. ಬೆಟ್ಟದ ಮರ ಉಳಿಸಬೇಕೆಂದು ಘೋಷಣೆ ಕೂಗುವ ಮುನ್ನ, ನಮ್ಮ ಅಂಗಳದಲ್ಲಿ ಎಷ್ಟು ಮರ ಬೂದಿಯಾಗುತ್ತಿದೆ ಎಂಬ ಲೆಕ್ಕ ನಮ್ಮ ಕೈಯಲ್ಲಿರಬೇಕು.