ಪುಸ್ತಕ ಆರಿಸುವವರು ಯಾರು?

ದೊಡ್ಡ ಪುಸ್ತಕದಂಗಡಿಯೊಂದು ಮುಚ್ಚಿದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ: ಆನ್‌ಲೈನ್ ಬಂತು, ಅಂಗಡಿಗಳ ಕಾಲ ಮುಗಿಯಿತು. ಅದರಲ್ಲಿ ನಿಜವೂ ಇದೆ. ಆದರೆ ಈ ಮಾತನ್ನು ಒಪ್ಪಿ ಕೈತೊಳೆದುಕೊಂಡರೆ ಕೇಳಲೇಬೇಕಾದ ಪ್ರಶ್ನೆ ಉಳಿದುಬಿಡುತ್ತದೆ: ಆ ಅಂಗಡಿಯಲ್ಲಿ ಯಾವ ಪುಸ್ತಕ ಇರಬೇಕೆಂದು ತೀರ್ಮಾನಿಸುತ್ತಿದ್ದವರು ಯಾರು? ಒಂದೇ ಬಗೆಯ ಸರಕು ಮಾರುವ ಚೈನ್ ಮಳಿಗೆಗಳ ಏಳುಬೀಳು ನಿಂತಿರುವುದು ಇದರ ಮೇಲೆ ಎಂದು ನಾನು ನಂಬಿದ್ದೇನೆ.

ಅಮೆರಿಕದ ಬಾರ್ಡರ್ಸ್ ಎಂಬ ಪುಸ್ತಕ ಮಳಿಗೆಯ ಕಥೆ ನೋಡಿ. 1971ರಲ್ಲಿ ಆನ್ ಆರ್ಬರ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಟಾಮ್ ಮತ್ತು ಲೂಯಿ ಬಾರ್ಡರ್ಸ್ ಸೋದರರು ಅದನ್ನು ತೆರೆದರು. ಕೆಲಸ ಕೇಳಿ ಬಂದವರು ಪುಸ್ತಕಗಳ ಬಗ್ಗೆ ಪರೀಕ್ಷೆ ಬರೆಯಬೇಕಿತ್ತು. ಯಾವ ಪುಸ್ತಕಕ್ಕೆ ಎಲ್ಲಿ ಬೇಡಿಕೆಯಿದೆ ಎಂದು ಲೆಕ್ಕವಿಡುವ ಕಂಪ್ಯೂಟರ್ ವ್ಯವಸ್ಥೆಯನ್ನು ಲೂಯಿ ರೂಪಿಸಿದ್ದರು. ಯಂತ್ರವೂ ಇತ್ತು, ಓದಿದ ಸಿಬ್ಬಂದಿಯೂ ಇದ್ದರು. 1992ರಲ್ಲಿ ಅದು ಕೆಮಾರ್ಟ್ ಎಂಬ ಚಿಲ್ಲರೆ ಮಾರಾಟ ಕಂಪನಿಯ ಪಾಲಾಯಿತು. ಮುಂದೆ ಮಳಿಗೆಗಳು ನೂರಾರಾದವು, ಸಿಡಿ ಡಿವಿಡಿಗಳು ಬಹಳಷ್ಟು ಜಾಗ ಹಿಡಿದವು, ಸಾಲ ಬೆಳೆಯಿತು. 2001ರಲ್ಲಿ ತನ್ನ ಆನ್‌ಲೈನ್ ಮಾರಾಟವನ್ನು ಅಮೆಜಾನ್‌ ಕೈಗೇ ಒಪ್ಪಿಸಿತು. 2011ರಲ್ಲಿ ದಿವಾಳಿ. ಅಮೆಜಾನ್ ಕೊಂದಿತು ಎನ್ನುವವರು ಬಾಗಿಲು ತೆರೆದುಕೊಟ್ಟವರು ಯಾರೆಂಬುದನ್ನೂ ಹೇಳಬೇಕು.

ಅದೇ 2011ರಲ್ಲಿ ಬ್ರಿಟನ್ನಿನ ಪುಸ್ತಕ ಚೈನ್ ವಾಟರ್‌ಸ್ಟೋನ್ಸ್ ಕೂಡ ಮುಳುಗುವ ಹಂತದಲ್ಲಿತ್ತು. ಹೊಸ ಮಾಲೀಕರು ಅದನ್ನು ಜೇಮ್ಸ್ ಡಾಂಟ್ ಕೈಗಿತ್ತರು. ಲಂಡನ್ನಿನಲ್ಲಿ ಸ್ವಂತ ಪುಸ್ತಕದಂಗಡಿ ನಡೆಸುತ್ತಿದ್ದ ಮನುಷ್ಯ. ಅಲ್ಲಿಯವರೆಗೆ ಷೋಕೇಸಿನಲ್ಲಿ, ಬಾಗಿಲ ಬಳಿಯ ಮೇಜಿನ ಮೇಲೆ ಏನಿಡಬೇಕೆಂಬುದನ್ನು ಪ್ರಕಾಶಕರ ದುಡ್ಡು ತೀರ್ಮಾನಿಸುತ್ತಿತ್ತು. ದುಡ್ಡು ಕೊಟ್ಟ ಪುಸ್ತಕ ದೇಶದ ಉದ್ದಗಲಕ್ಕೂ ಒಂದೇ ದಿನ ಒಂದೇ ಮೇಜಿಗೆ ಬರುತ್ತಿತ್ತು. ಮಾರದೆ ಉಳಿದದ್ದು ಗಾಡಿಗಟ್ಟಲೆ ವಾಪಸು ಹೋಗುತ್ತಿತ್ತು. ಓದುಗ ನಂಬಿ ಕೈಚಾಚುವ ಜಾಗವನ್ನು ಗುಟ್ಟಾಗಿ ಮಾರಿಕೊಳ್ಳುವುದು ವ್ಯಾಪಾರವಲ್ಲ, ವಂಚನೆ. ಡಾಂಟ್ ಆ ವರಮಾನವನ್ನೇ ಬಿಟ್ಟುಕೊಟ್ಟರು. ಆಯ್ಕೆಯನ್ನು ಆಯಾ ಊರಿನ ಮಳಿಗೆಯವರಿಗೆ ವಹಿಸಿದರು. ವಾಪಸು ಹೋಗುವ ಪುಸ್ತಕ ತೀರಾ ಕಡಿಮೆಯಾಯಿತು. ಕೆಲವು ವರ್ಷಗಳಲ್ಲಿ ಕಂಪನಿ ಲಾಭಕ್ಕೆ ಮರಳಿತು. 2019ರಿಂದ ಅಮೆರಿಕದ ಬಾರ್ನ್ಸ್ ಅಂಡ್ ನೋಬಲ್ ಕೂಡ ಅವರ ಕೈಯಲ್ಲಿದೆ. ವರ್ಷವರ್ಷವೂ ಮಳಿಗೆ ಮುಚ್ಚುತ್ತಿದ್ದ ಆ ಸಂಸ್ಥೆ ಈಗ ಹೊಸ ಮಳಿಗೆಗಳನ್ನು ತೆರೆಯುತ್ತಿದೆ.

ಜನ ಓದುವುದನ್ನೇ ಬಿಟ್ಟಿದ್ದಾರೆ ಎಂಬ ವಾದಕ್ಕೆ ಈ ಹೊಸ ಮಳಿಗೆಗಳೇ ಉತ್ತರ. ಒಟ್ಟಿಗೆ ಖರೀದಿಸಿದರೆ ಹೆಚ್ಚು ರಿಯಾಯಿತಿ ಸಿಗುತ್ತದೆ, ಅದು ಗಿರಾಕಿಗೂ ಲಾಭ ಎಂಬ ವಾದ ಮಾತ್ರ ಗಟ್ಟಿಯಾದದ್ದು. ಒಂಟಿ ಅಂಗಡಿ ಆ ದರ ಪಡೆಯಲಾರದು. ಹಾಗಾಗಿ ದರದ ಮಾತುಕತೆ, ಗೋದಾಮು, ಲೆಕ್ಕಪತ್ರ ಮುಖ್ಯ ಕಚೇರಿಯಲ್ಲೇ ಇರಲಿ. ಅದರ ಜೊತೆಗೆ ಆಯ್ಕೆಯೂ ಅಲ್ಲಿಗೇ ಹೋಗಬೇಕೆಂಬ ಕಟ್ಟಳೆಯೇನಿಲ್ಲ.

ಇನ್ನೊಂದು ಆಕ್ಷೇಪ ನನ್ನನ್ನೂ ಕಾಡುತ್ತದೆ. 2019ರಲ್ಲಿ ವಾಟರ್‌ಸ್ಟೋನ್ಸ್ ನೌಕರರು ಬದುಕಲು ಸಾಕಾಗುವಷ್ಟು ಸಂಬಳ ಕೊಡಿ ಎಂದು ಮನವಿ ಸಲ್ಲಿಸಿದರು. ಕಂಪನಿಗೆ ಅಷ್ಟು ಶಕ್ತಿಯಿಲ್ಲ ಎಂದರು ಡಾಂಟ್. ಆಯ್ಕೆಯ ಹೊಣೆ ಹೊರಿಸಿ ಕೂಲಿ ಹೆಚ್ಚಿಸದಿದ್ದರೆ ಅದೂ ಅನ್ಯಾಯವೇ. ಓದಿಕೊಂಡವರು ಒಬ್ಬೊಬ್ಬರಾಗಿ ಬೇರೆ ಕೆಲಸಕ್ಕೆ ಹೋದರೆ ಈ ಪದ್ಧತಿ ಎಷ್ಟು ದಿನ ನಿಂತೀತು?

ನಮ್ಮಲ್ಲಿಯೂ ಇದು ದೂರದ ಪ್ರಶ್ನೆಯಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಪ್ನಾ ಇಂದು ಹಲವು ಊರುಗಳಲ್ಲಿದೆ. ಮಾಲ್‌ಗಳಲ್ಲಿ ಬೇರೆ ಪುಸ್ತಕ ಮಳಿಗೆಗಳೂ ಇವೆ. ಯಾವುದೇ ಚೈನ್ ನಾಳೆ ತನ್ನ ಷೋಕೇಸನ್ನು ಹರಾಜಿಗಿಟ್ಟರೆ ಧಾರವಾಡದ ಮನೋಹರ ಗ್ರಂಥಮಾಲೆ, ಹೆಗ್ಗೋಡಿನ ಅಕ್ಷರ ಪ್ರಕಾಶನ ಇಂಗ್ಲಿಷಿನ ಬಹುರಾಷ್ಟ್ರೀಯ ಪ್ರಕಾಶಕರ ಎದುರು ಕೂಗಬೇಕಾಗುತ್ತದೆ. ಹುಬ್ಬಳ್ಳಿಯ ಮಳಿಗೆಯಲ್ಲಿ ಬೇಂದ್ರೆಯವರ ಪುಸ್ತಕ ಮುಂದಿನ ಮೇಜಿನ ಮೇಲಿರಬೇಕೋ ಒಳಗಿನ ಕಪಾಟಿನಲ್ಲೋ ಎಂಬುದನ್ನು ಅಲ್ಲಿನ ಗಿರಾಕಿಗಳ ಮುಖ ಕಂಡವರು ನಿರ್ಧರಿಸಲಿ.