ಬಣ್ಣ ನಂಬಿ ಕೆಟ್ಟೆ

ಚಿಕ್ಕವನಿದ್ದಾಗ ಏರೋಪ್ಲೇನ್ ಚಿಟ್ಟೆ ಬಾಲಕ್ಕೆ ದಾರ ಕಟ್ಟಿ ಹಾರಿಸಿದವನು ನಾನು. ಈಗ ಅರಿಶಿನಕುಂಟೆಯಲ್ಲಿ ಮನೆ ಹತ್ತಿರದ ನೀರಿನ ದಡದಲ್ಲಿ ಫೋನ್ ಹಿಡಿದು ಅವುಗಳ ಹೆಸರು ಹುಡುಕ್ತಾ ಕೂರ್ತೀನಿ. ಜೊತೆಗೆ ಅಣ್ಣನ ಮಗಳು, ಮೂರನೇ ಕ್ಲಾಸು.

ನೋಡಿದ್ದನ್ನೆಲ್ಲ ಎಕ್ಸೆಲ್ ಶೀಟಿಗೆ ಹಾಕ್ತಿದ್ದೆ (ಆಫೀಸಿನ ಚಟ). ಕಿತ್ತಳೆ ರೆಕ್ಕೆಯದ್ದು ಒಂದು ಜಾತಿ, ಬಣ್ಣವಿಲ್ಲದ ರೆಕ್ಕೆಯ ಮಂಕು ಹಳದಿಯದ್ದು ಇನ್ನೊಂದು. ಹೋದ ಭಾನುವಾರ ಅವಳು ಕೂಗಿದಳು: “ಚಿಕ್ಕಪ್ಪಾ, ನಿನ್ನ ಎರಡೂ ಜಾತಿ ಅಂಟ್ಕೊಂಡು ಕೂತಿವೆ!” ಜೋಡಿ! ಎರಡೂ ಒಂದೇ ಜಾತಿ, ಡಿಚ್ ಜ್ಯುವೆಲ್. ಕಿತ್ತಳೆ ರೆಕ್ಕೆ ಬಲಿತ ಗಂಡಿಗೆ ಮಾತ್ರ. ಎಳೆ ಗಂಡೂ ಹೆಣ್ಣಿನ ಹಾಗೇ ಇರುತ್ತೆ. ಬಣ್ಣ ನಂಬಿದ್ದೇ ಬಗ್ ಆಗಿತ್ತು.

ಕೆ.ಎ. ಸುಬ್ರಮಣಿಯನ್ ಅವರ 2005ರ ಕೈಪಿಡಿ ತೆರೆದು ಮತ್ತೆ ಅ ಆ ಇ ಈ ಶುರು. ನೀವೂ ನೋಡೋದಾದ್ರೆ ಮೊದಲು ಕಣ್ಣು. ಡ್ರ್ಯಾಗನ್‌ಫ್ಲೈಗೆ ದೊಡ್ಡ ಕಣ್ಣುಗಳು, ಸಾಮಾನ್ಯವಾಗಿ ನೆತ್ತಿಯಲ್ಲಿ ಕೂಡಿಕೊಂಡಿರುತ್ತವೆ. ಸಣಕಲು ತಂಗಿ ಡ್ಯಾಮ್ಸೆಲ್‌ಫ್ಲೈಗೆ ತಲೆಯ ಎರಡು ತುದಿಗೆ ಒಂದೊಂದು ಗುಂಡು ಕಣ್ಣು. ಆಮೇಲೆ ರೆಕ್ಕೆ: ಕೂತಾಗ ಡ್ರ್ಯಾಗನ್‌ಫ್ಲೈ ಹರಡುತ್ತೆ, ಡ್ಯಾಮ್ಸೆಲ್‌ಫ್ಲೈ ಬೆನ್ನ ಮೇಲೆ ಮಡಚುತ್ತೆ. ಸ್ಪ್ರೆಡ್‌ವಿಂಗ್ ಅನ್ನೋ ಡ್ಯಾಮ್ಸೆಲ್‌ಫ್ಲೈಗಳು ಮಾತ್ರ ಅರ್ಧ ಬಿಚ್ಚಿಕೊಂಡೇ ಕೂತು ಗೊಂದಲ ಮಾಡ್ತವೆ. ಆಗ ರೆಕ್ಕೆ ಬುಡ ನೋಡಿ. ಡ್ರ್ಯಾಗನ್‌ಫ್ಲೈ ಹಿಂದಿನ ರೆಕ್ಕೆ ಬುಡದಲ್ಲಿ ಅಗಲ. ಡ್ಯಾಮ್ಸೆಲ್‌ಫ್ಲೈಗೆ ನಾಲ್ಕೂ ಹೆಚ್ಚುಕಮ್ಮಿ ಒಂದೇ ಆಕಾರ. ಗಂಡೋ ಹೆಣ್ಣೋ ಅಂತ ಅನುಮಾನ ಬಂದ್ರೆ ಪಕ್ಕದಿಂದ ಫೋಟೋ ತೆಗೀರಿ: ಗಂಡಿಗೆ ಹೊಟ್ಟೆಯ ಬುಡದಲ್ಲಿ, ಕೆಳಗಡೆ, ಪುಟ್ಟ ಉಬ್ಬು.

ಶೀಟು ಸರಿಪಡಿಸಿದೆ. ಸಾಲುಗಳು ಒಂದಾದ ಮೇಲೆ ನೋಡಿದ್ರೆ ಬಹುತೇಕ ಡಿಚ್ ಜ್ಯುವೆಲ್ಲೇ. ಇದು ಕೊಳಚೆ ನೀರಲ್ಲೂ ಮೊಟ್ಟೆಯಿಟ್ಟು ಬದುಕೋ ಗಟ್ಟಿ ಪಿಂಡ. ಮರಿ ಬೆಳೆಯೋದು ನೀರೊಳಗೇ. ಅದನ್ನ ಹೇಳಬಾರದಿತ್ತೇನೋ, ಹೇಳಿಬಿಟ್ಟೆ.

“ಹಾಗಾದ್ರೆ ನಮ್ಮ ನೀರು ಗಲೀಜಾ?”

ಒಂದು ಹುಳ ನೋಡಿ ಹಾಗೆ ತೀರ್ಮಾನ ಮಾಡೋಕಾಗಲ್ಲ ಅಂದೆ. ಅದು ನಿಜವೇ. ಆದ್ರೆ ಬೇರೆ ಜಾತಿಗಳು ಯಾಕೆ ಕಾಣ್ತಿಲ್ಲ ಅಂತ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅವಳು ಮಾತಾಡದೆ ಹುಲ್ಲಿನ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಪಿಸುಗುಟ್ಟಿ ಕರೆದಳು. ಹಳದಿ ಹೊಟ್ಟೆ, ಕಡ್ಡಿಯಷ್ಟು ಸಣ್ಣ ಮೈ. “ಬಣ್ಣ ಬಿಡು ಚಿಕ್ಕಪ್ಪ. ಕಣ್ಣು ದೂರ ದೂರ, ರೆಕ್ಕೆ ಮಡಚಿದೆ.”

ಕೋರಮಂಡಲ್ ಮಾರ್ಶ್ ಡಾರ್ಟ್. ಶೀಟಿಗೆ ಹೊಸ ಸಾಲು ಅವಳೇ ಟೈಪ್ ಮಾಡಿದಳು.